ಹೊಯ್ಸಳರ ಒಂದು ವಿರಳ ಹೊನ್ನು: ‘ತಲಕಾಡುಗೊಂಡ’

ಕನ್ನಡನಾಡಿನ ಪ್ರಾಚೀನ ಚರಿತ್ರೆಯನ್ನು ತಿಳಿಯುವುದಕ್ಕೆ ಕಲ್ಲು, ಓಲೆ, ಲೋಹ ಎಂಬ ಮೂರು ಆಧಾರಗಳುಂಟು. ಕಲ್ಲಿನ ಶಾಸನಗಳು ಊರೂರಿನಲ್ಲಿ ನಿಂತಿವೆ. ಓಲೆಯ ಗ್ರಂಥಗಳನ್ನು ಮಠಮಾನ್ಯಗಳೂ ಪಂಡಿತರ ಮನೆತನಗಳೂ ಕಾಪಾಡಿಕೊಂಡು ಬಂದಿವೆ. ಈ ಎರಡಕ್ಕೂ ಇಲ್ಲದ ಒಂದು ವಿಪತ್ತು ಮೂರನೆಯದಾದ ಲೋಹಕ್ಕೆ, ಅದರಲ್ಲಿಯೂ ಹೊನ್ನಿಗೆ, ಉಂಟು. ಕಲ್ಲನ್ನು ಕರಗಿಸಿ ಯಾರೂ ಲಾಭ ಪಡೆಯಲಾರರು. ಓಲೆಯನ್ನು ಸುಟ್ಟರೆ ದೊರೆಯುವುದು ಬೂದಿ. ಹೊನ್ನಿನ ನಾಣ್ಯವನ್ನಾದರೋ ಕರಗಿಸಿದರೆ ಹೊನ್ನು ಹಾಗೆಯೇ ಉಳಿಯುತ್ತದೆ, ಅದರ ಮೇಲಿನ ಬರಹ ಮಾತ್ರ ಇಲ್ಲವಾಗುತ್ತದೆ. ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ ಅಚ್ಚಾದ ‘ಶ್ರೀ ತಲಕಾಡುಗೊಂಡ’ ಎಂಬ ಬರಹವುಳ್ಳ ಹೊನ್ನಿನ ನಾಣ್ಯದ ವೃತ್ತಾಂತವು ಈ ಮಾತಿಗೆ ಉತ್ತಮ ನಿದರ್ಶನವಾಗಿದೆ.

ಈ ನಾಣ್ಯವು ನೋಟಕ್ಕೆ ಬಲು ಚಿಕ್ಕದು. ತೂಕ ಸುಮಾರು 62 ಗ್ರೇನ್, ಎಂದರೆ ಸುಮಾರು 4 ಗ್ರಾಂ. ಅದರ ಒಂದು ಮುಖದಲ್ಲಿ ಹೊಯ್ಸಳರ ಕುಲಚಿಹ್ನೆಯನ್ನು ನೆನಪಿಗೆ ತರುವ ಸಿಂಹ, ಅದರ ಮೇಲ್ಗಡೆ ಮತ್ತೊಂದು ಚಿಕ್ಕ ಸಿಂಹದ ಆಕೃತಿ, ಜೊತೆಗೆ ಸೂರ್ಯಚಂದ್ರರ ಗುರುತು. ಇನ್ನೊಂದು ಮುಖದಲ್ಲಿ ಚಿತ್ರವಿಲ್ಲ. ಅಲ್ಲಿರುವುದು ಮೂರು ಸಾಲುಗಳ ಕನ್ನಡ ಬರಹ ಮಾತ್ರ. ರಾಜನ ಹೆಸರು ಅಲ್ಲಿಲ್ಲ, ಶಕವರ್ಷವಿಲ್ಲ, ಊರ ಹೆಸರಿದ್ದರೂ ಅದು ಟಂಕಸಾಲೆಯಿದ್ದ ಊರಲ್ಲ. ‘ತಲಕಾಡನ್ನು ಗೆದ್ದುಕೊಂಡವನು’ ಎಂಬ ಒಂದೇ ಮಾತನ್ನು ಆ ನಾಣ್ಯವು ನುಡಿಯುತ್ತದೆ. ಹೆಸರನ್ನು ಹೇಳದೆ ಕಾರ್ಯವನ್ನು ಹೇಳಿ, ಆ ಕಾರ್ಯದಿಂದಲೇ ಕರ್ತೃವನ್ನು ಅರಿಯಿರಿ ಎನ್ನುವಂತಿದೆ ಇದರ ರೀತಿ.

ಹೆಸರಿಲ್ಲದ ನಾಣ್ಯವನ್ನು ಇಂತಹ ಅರಸನದೆಂದು ನಿರ್ಣಯಿಸುವುದು ಹೇಗೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಇಲ್ಲಿ ಕಲ್ಲು ಲೋಹಕ್ಕೆ ಸಾಕ್ಷಿಯಾಗುತ್ತದೆ. ವಿಷ್ಣುವರ್ಧನನ ಶಾಸನಗಳಲ್ಲಿ ಅವನ ಬಿರುದುಗಳ ಸಾಲಿನಲ್ಲಿ ‘ತಲಕಾಡುಗೊಂಡ’ ಎಂಬುದು ಮತ್ತೆ ಮತ್ತೆ ಬರುತ್ತದೆ. ನಾಣ್ಯದ ಅಕ್ಷರಗಳ ರೂಪವೂ ಹನ್ನೆರಡನೆಯ ಶತಮಾನದ ಶಾಸನಗಳ ಲಿಪಿಗೆ ಹೊಂದುತ್ತದೆ. ಬಿರುದು, ಲಿಪಿ, ಸಿಂಹಲಾಂಛನ ಈ ಮೂರೂ ಒಂದೇ ಕಡೆಗೆ ಕೈಮಾಡಿ ತೋರಿಸುವುದರಿಂದ ವಿದ್ವಾಂಸರು ಇದನ್ನು ವಿಷ್ಣುವರ್ಧನನ ನಾಣ್ಯವೆಂದು ನಿಶ್ಚಯಿಸಿದ್ದಾರೆ. ಶಾಸನವನ್ನು ಓದಬಲ್ಲವರಿಲ್ಲದಿದ್ದರೆ ಈ ಹೊನ್ನು ಮೂಕವಾಗಿಯೇ ಇರುತ್ತಿತ್ತೆಂಬುದನ್ನು ಗಮನಿಸಬೇಕು.

ಇನ್ನು ಈ ಬಿರುದಿನ ಹಿಂದಿರುವ ಸಂಗತಿ. ಕಾವೇರಿಯ ದಡದ ತಲಕಾಡು ಗಂಗರ ರಾಜಧಾನಿಯಾಗಿದ್ದ ಪ್ರಸಿದ್ಧ ಪಟ್ಟಣ. ಕ್ರಿ. ಶ. 1004ರ ವೇಳೆಗೆ ರಾಜರಾಜ ಚೋಳನ ಕಾಲದಲ್ಲಿ ಅದು ಚೋಳರ ವಶವಾಯಿತು. ರಾಜರಾಜಪುರವೆಂಬ ಹೊಸ ಹೆಸರನ್ನೂ ಪಡೆಯಿತು. ನೂರು ವರ್ಷಗಳಿಗೂ ಮೀರಿ ಗಂಗವಾಡಿಯ ದಕ್ಷಿಣ ಭಾಗ ಚೋಳರ ಅಧೀನದಲ್ಲಿತ್ತು. ಸುಮಾರು 1116ರಲ್ಲಿ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ಅಲ್ಲಿದ್ದ ಚೋಳ ಸಾಮಂತನಾದ ಅದಿಯಮನ ಮೇಲೆ ದಂಡೆತ್ತಿಹೋದನು. ನಾಡನ್ನು ಬಿಟ್ಟುಕೊಡೆಂದು ಕೇಳಿದಾಗ ಅದಿಯಮನು, ಬೇಕಾದರೆ ಕಾದಿ ಪಡೆದುಕೊಳ್ಳಬಹುದೆಂಬ ಅರ್ಥದ ಉತ್ತರ ಕೊಟ್ಟನೆಂದು ಗಂಗರಾಜನನ್ನು ಕುರಿತ ಶಾಸನ ತಿಳಿಸುತ್ತದೆ. ಕಾಳಗ ನಡೆಯಿತು, ತಲಕಾಡು ಹೊಯ್ಸಳರದಾಯಿತು.

ಈ ಜಯದ ನೆನಪನ್ನು ವಿಷ್ಣುವರ್ಧನನು ಒಂದೇ ಬಗೆಯಲ್ಲಿ ನಿಲ್ಲಿಸಲಿಲ್ಲ. ತಲಕಾಡಿನ ಕೀರ್ತಿನಾರಾಯಣ ದೇವಾಲಯವೂ ಬೇಲೂರಿನ ವಿಜಯನಾರಾಯಣ ದೇವಾಲಯವೂ 1117ರ ಪ್ರತಿಷ್ಠೆಗಳು. ದೇವಾಲಯವು ಇದ್ದ ಕಡೆಯಲ್ಲಿಯೇ ಇರುವ ಸ್ಮಾರಕ. ಅದನ್ನು ಕಾಣಬೇಕೆನ್ನುವವನು ಅಲ್ಲಿಗೆ ಹೋಗಬೇಕು. ನಾಣ್ಯವಾದರೋ ನಡೆದಾಡುವ ಸ್ಮಾರಕ. ಸಂತೆಯಿಂದ ಸಂತೆಗೆ, ನಾಡಿನಿಂದ ನಾಡಿಗೆ ಅದು ತಾನಾಗಿಯೇ ಹೋಗಿ ತನ್ನ ಮಾತನ್ನು ಹೇಳುತ್ತದೆ. ಆ ವಿಜಯದ ಸೇನಾನಿಯಾದ ಗಂಗರಾಜನ ನಡತೆಯೂ ಇಲ್ಲಿ ಸ್ಮರಣೀಯ. ಮೆಚ್ಚಿದ ಅರಸನು ಬೇಕಾದುದನ್ನು ಬೇಡೆಂದಾಗ ಜಿನಭಕ್ತನಾದ ಅವನು ತನ್ನ ಸುಖಕ್ಕೆಂದು ಏನನ್ನೂ ಬೇಡದೆ, ಗ್ರಾಮವನ್ನು ಪಡೆದು ಜಿನಾಲಯದ ಪೂಜೆಗೆ ದತ್ತಿಯಾಗಿ ಬಿಟ್ಟನೆಂದು ಶ್ರವಣಬೆಳಗೊಳದ ಶಾಸನಗಳು ಹೇಳುತ್ತವೆ. ಅರಸನ ಕೀರ್ತಿ ಹೊನ್ನಿನಲ್ಲಿಯೂ ಸೇನಾನಿಯ ಕೀರ್ತಿ ದಾನದಲ್ಲಿಯೂ ಉಳಿದುವು.

ಈಗ ನಾಣ್ಯದ ಮಾತನ್ನೇ ವಿಚಾರಿಸಬಹುದು. ‘ತಲಕಾಡುಗೊಂಡ’ ಎಂಬುದರಲ್ಲಿ ‘ಕೊಳ್’ ಎಂಬ ಧಾತುವಿದೆ. ಸಮಾಸದಲ್ಲಿ ಉತ್ತರಪದದ ಮೊದಲಿನ ಕಕಾರಕ್ಕೆ ಗಕಾರ ಆದೇಶವಾಗಿ ‘ಕೊಂಡ’ ಎಂಬುದು ‘ಗೊಂಡ’ ಎಂದಾಗಿದೆ. ಇಂದಿನ ಬಳಕೆಯಲ್ಲಿ ಕೊಳ್ಳುವುದೆಂದರೆ ಬೆಲೆಕೊಟ್ಟು ಪಡೆಯುವುದು. ಹಳಗನ್ನಡದಲ್ಲಿ ಅದಕ್ಕೆ ವಶಪಡಿಸಿಕೊಳ್ಳು, ಗೆದ್ದು ಪಡೆ ಎಂಬ ಅರ್ಥವೂ ಪ್ರಬಲವಾಗಿತ್ತು. ಕೊಳ್ಳುವುದಕ್ಕೆ ಸಾಧನವಾದ ಹೊನ್ನಿನ ಮೇಲೆಯೇ, ಹೊನ್ನಿನಿಂದಲ್ಲದೆ ಬಾಹುಬಲದಿಂದ ಕೊಂಡ ಊರಿನ ಹೆಸರು ಅಚ್ಚಾಗಿದೆ. ಹಳಗನ್ನಡವನ್ನು ಅರಿಯದವನು ಇದನ್ನು ತಲಕಾಡನ್ನು ಕ್ರಯಕ್ಕೆ ಪಡೆದವನೆಂದು ತಿಳಿದು ಮೋಸಹೋಗಬಹುದು.

ಇದೇ ವರ್ಗಕ್ಕೆ ಸೇರಿದ ಇನ್ನೆರಡು ಬರಹಗಳು ಹೊಯ್ಸಳರ ಹೊನ್ನಿನ ನಾಣ್ಯಗಳಲ್ಲಿ ದೊರೆತಿವೆ. ಒಂದು ‘ಶ್ರೀ ನೊಣಂಬವಾಡಿಗೊಂಡ’. ಇನ್ನೊಂದು ‘ಶ್ರೀ ಮಲಪರೊಳ್ಗಂಡ’. ಎರಡನೆಯದನ್ನು ಬಿಡಿಸಿದರೆ ಮಲೆ, ಮಲೆಪ, ಮಲೆಪರ್ ಎಂಬ ಕ್ರಮ ತಿಳಿಯುತ್ತದೆ. ಮಲೆಪರ್ ಎಂದರೆ ಮಲೆನಾಡಿನ ಒಡೆಯರು. ‘ಒಳ್’ ಎಂಬುದು ಹಳಗನ್ನಡದ ಸಪ್ತಮೀ ವಿಭಕ್ತಿಪ್ರತ್ಯಯ. ಇಲ್ಲಿ ಅದು ನಿರ್ಧಾರಣಾರ್ಥದಲ್ಲಿ ಬಂದಿದೆ. ಮಲೆಯ ಒಡೆಯರ ನಡುವೆ ಗಂಡನು, ಎಂದರೆ ವೀರನು, ಎಂಬುದು ತಾತ್ಪರ್ಯ. ಹೊಯ್ಸಳರ ಅನೇಕ ಶಾಸನಗಳ ಕೊನೆಯಲ್ಲಿ ಅರಸರ ಒಪ್ಪವಾಗಿ, ಇಂದಿನ ರುಜುವಿನ ಸ್ಥಾನದಲ್ಲಿ, ಇದೇ ಮಾತು ಕಾಣಬರುತ್ತದೆ. ಸಹ್ಯಾದ್ರಿಯ ಮಡಿಲಿನ ಚಿಕ್ಕ ಪಾಳೆಯದಿಂದ ಮೇಲೆದ್ದ ವಂಶವು ತನ್ನ ಮೂಲವನ್ನು ಮರೆಯದೆ ಅದನ್ನೇ ಮುದ್ರೆಯಾಗಿಸಿಕೊಂಡುದು ಮೆಚ್ಚತಕ್ಕ ವಿಷಯ.

‘ನೊಣಂಬವಾಡಿಗೊಂಡ’ ಎಂಬ ನಾಣ್ಯಕ್ಕೆ ರಾಜಕೀಯವಾಗಿ ಹೆಚ್ಚಿನ ಬೆಲೆಯುಂಟು. ಇಂದಿನ ಚಿತ್ರದುರ್ಗ, ತುಮಕೂರು, ಬಳ್ಳಾರಿ ಸೀಮೆಗಳಲ್ಲಿ ಹರಡಿದ್ದ ನೊಳಂಬವಾಡಿ 32000ವನ್ನು ಆ ಕಾಲದಲ್ಲಿ ಉಚ್ಚಂಗಿಯ ಪಾಂಡ್ಯರು ಆಳುತ್ತಿದ್ದರು. ವಿಷ್ಣುವರ್ಧನನು ದುಮ್ಮೆಯ ಕಾಳಗದಲ್ಲಿ ಪಾಂಡ್ಯನನ್ನು ಸೋಲಿಸಿದನು. ಆ ಪಾಂಡ್ಯರೂ ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಸಾಮಂತರು; ವಿಷ್ಣುವರ್ಧನನೂ ಅವನಿಗೆ ಮಹಾಮಂಡಲೇಶ್ವರನೇ. ಚೋಳರಿಂದ ತಲಕಾಡನ್ನು ಗೆದ್ದುದು ಚಕ್ರವರ್ತಿಗೆ ಒಪ್ಪಬಹುದಾದ ಕಾರ್ಯ. ಚಕ್ರವರ್ತಿಯ ಮತ್ತೊಬ್ಬ ಸಾಮಂತನ ನಾಡನ್ನು ಗೆದ್ದು, ಆ ಗೆಲವನ್ನು ಹೊನ್ನಿನ ಮೇಲೆ ಅಚ್ಚೊತ್ತಿಸುವುದು ಹಾಗಲ್ಲ. ಈ ನಾಣ್ಯಗಳಲ್ಲಿ ಚಕ್ರವರ್ತಿಯ ಹೆಸರಾಗಲಿ ಚಾಲುಕ್ಯರ ವರಾಹಲಾಂಛನವಾಗಲಿ ಇಲ್ಲದಿರುವುದನ್ನು ಸ್ವಾತಂತ್ರ್ಯದ ಹಂಬಲವೆಂದೇ ತಿಳಿಯಬೇಕಾಗುತ್ತದೆ. 1118ರಲ್ಲಿ ಕಣ್ಣೆಗಾಲದಲ್ಲಿ ಗಂಗರಾಜನು ಚಾಲುಕ್ಯ ಸೈನ್ಯದ ಮೇಲೆ ರಾತ್ರಿಯಲ್ಲಿ ಎರಗಿ ಜಯ ಪಡೆದನು. ಆದರೆ ಕೆಲವು ವರ್ಷಗಳಲ್ಲಿಯೇ ಸಿಂದರ ಆಚುಗಿ ಮೊದಲಾದ ಚಾಲುಕ್ಯ ಸಾಮಂತರು ಹೊಯ್ಸಳರನ್ನು ಹಿಂದಕ್ಕೆ ಅಟ್ಟಿದರು, ವಿಷ್ಣುವರ್ಧನನು ಸಾರ್ವಭೌಮನಾಗಲಿಲ್ಲ. ಆ ಹಂಬಲ ಕೈಗೂಡಿದುದು ಅವನ ಮೊಮ್ಮಗನಾದ ಇಮ್ಮಡಿ ಬಲ್ಲಾಳನ ಕಾಲದಲ್ಲಿ, ಆ ಶತಮಾನದ ಕೊನೆಯ ದಶಕದಲ್ಲಿ. ತಾತನ ಹೊನ್ನು ಮೊಮ್ಮಗನ ಭವಿಷ್ಯವನ್ನು ಮುಂಚಿತವಾಗಿ ಸಾರಿತೆನ್ನಬಹುದು.

ನೊಣಂಬವಾಡಿ ಎಂಬ ಹೆಸರು ಈ ನಾಡಿನ ಜನರ ನಡುವೆ ಇಂದಿಗೂ ಬದುಕಿದೆ. ತುಮಕೂರು, ಚಿಕ್ಕಮಗಳೂರು ಮೊದಲಾದ ಕಡೆಗಳಲ್ಲಿ ನೆಲೆಸಿರುವ ನೊಣಬ ಲಿಂಗಾಯತರ ಹೆಸರು ಆ ನಾಡಿನ ಹೆಸರಿನಿಂದಲೇ ಬಂದುದೆಂದು ಬಿ. ಎಲ್. ರೈಸ್ ಮೊದಲಾದ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಅರಸುಮನೆತನ ಅಳಿಯಿತು, ನಾಡಿನ ಎಲ್ಲೆಗಳು ಅಳಿದುವು. ಜನರ ಹೆಸರಿನಲ್ಲಿಯೂ ಒಂದು ಚಿಕ್ಕ ಹೊನ್ನಿನಲ್ಲಿಯೂ ಆ ಪದ ಉಳಿಯಿತು.

ನಾಣ್ಯಗಳನ್ನು ಅಚ್ಚು ಮಾಡುವ ಸ್ಥಳಕ್ಕೆ ಕನ್ನಡದಲ್ಲಿ ಕಮ್ಮಟವೆಂದೂ ಟಂಕಸಾಲೆಯೆಂದೂ ಹೆಸರು. ಚಾಲುಕ್ಯರ ಕಾಲದಲ್ಲಿ ಲೊಕ್ಕಿಗುಂಡಿ, ಎಂದರೆ ಇಂದಿನ ಗದಗ ಜಿಲ್ಲೆಯ ಲಕ್ಕುಂಡಿ, ಅಂತಹ ಪ್ರಸಿದ್ಧ ಸ್ಥಳವಾಗಿದ್ದು, ಶಾಸನಗಳಲ್ಲಿ ಬರುವ ಲೊಕ್ಕಿಗದ್ಯಾಣವು ಆ ಊರಿನ ಹೆಸರನ್ನೇ ಹೊತ್ತಿದೆ. ನಾಣ್ಯವನ್ನು ಅಚ್ಚು ಮಾಡುವ ವಿಧಾನ ಹೀಗೆ: ತೂಕಮಾಡಿದ ಹೊನ್ನಿನ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಮೇಲಿನಿಂದ ಸುತ್ತಿಗೆಯಿಂದ ಹೊಡೆಯುವರು. ಅಚ್ಚಿನಲ್ಲಿ ತಗ್ಗಾಗಿ ಕೊರೆದುದು ಹೊನ್ನಿನ ಮೇಲೆ ಉಬ್ಬಾಗಿ ಮೂಡುವುದು. ಆದುದರಿಂದ ಅಕ್ಷರಗಳನ್ನು ಅಚ್ಚಿನಲ್ಲಿ ಹಿಂದುಮುಂದಾಗಿ ಕೊರೆಯಬೇಕು. ಬೆರಳ ತುದಿಯಷ್ಟು ಜಾಗದಲ್ಲಿ ಒತ್ತು, ಕೊಂಬು, ಸೊನ್ನೆಗಳನ್ನು ತಪ್ಪದೆ ತಿರುಗುಮುರುಗಾಗಿ ಮೂರು ಸಾಲುಗಳಲ್ಲಿ ಕೊರೆದ ಆ ಅಕ್ಕಸಾಲಿಗನ ಹೆಸರು ಎಲ್ಲಿಯೂ ದಾಖಲಾಗಿಲ್ಲ. ಅವನ ಕೈಕೆಲಸದ ಅಚ್ಚುಕಟ್ಟು ಮಾತ್ರ ಕಣ್ಣಿಗೆ ಕಾಣುತ್ತದೆ.

ಆ ಕಾಲದ ನಾಣ್ಯಪದ್ಧತಿಯಲ್ಲಿ ಗದ್ಯಾಣವು ಪ್ರಧಾನವಾದುದು. ಇದನ್ನೇ ಪೊನ್ನು ಎಂದೂ ಕರೆದರು. ಅದರ ಹತ್ತನೆಯ ಒಂದು ಪಾಲು ಪಣ. ಪಣದ ನಾಲ್ಕನೆಯ ಒಂದು ಪಾಲು ಪಾಗ. ಹದಿನಾರನೆಯ ಒಂದು ಪಾಲು ವೀಸ. ಪಕಾರವು ಹಕಾರವಾಗುವ ಕನ್ನಡದ ನಿಯಮದಂತೆ ಪೊನ್ನು ಹೊನ್ನಾಯಿತು, ಪಣ ಹಣವಾಯಿತು, ಪಾಗ ಹಾಗವಾಯಿತು. ಪೊಯ್ಸಳರೇ ಹೊಯ್ಸಳರಾದುದೂ ಇದೇ ನಿಯಮದಿಂದ. ಇಂದು ಎಲ್ಲರೂ ದಿನದಿನವೂ ಆಡುವ ‘ಹಣ’ ಎಂಬ ಮಾತು ಒಂದು ಕಾಲದಲ್ಲಿ ಒಂದು ಚಿಕ್ಕ ನಾಣ್ಯದ ಹೆಸರಾಗಿತ್ತು. ನಾಣ್ಯ ಹೋಯಿತು, ಹೆಸರು ಸಂಪತ್ತಿಗೆಲ್ಲ ಸಾಮಾನ್ಯವಾಯಿತು.

ಗದ್ಯಾಣದ ಮಾತು ಶಾಸನಗಳಲ್ಲಿ ಹೇರಳವಾಗಿ ಬರುವುದು ದಾನದ ಸಂದರ್ಭದಲ್ಲಿ. ದೇವರ ನಂದಾದೀವಿಗೆಗೆ, ವಿದ್ಯಾರ್ಥಿಗಳ ಅಶನಕ್ಕೆ, ಕೆರೆಯ ಜೀರ್ಣೋದ್ಧಾರಕ್ಕೆ ಇಷ್ಟು ಗದ್ಯಾಣವೆಂದು ದಾನಿಗಳು ಇಡುತ್ತಿದ್ದರು. ಹಲವೆಡೆ ಆ ಮೂಲಧನವನ್ನು ಮುಟ್ಟದೆ ಅದರ ಬಡ್ಡಿಯಿಂದ ಧರ್ಮಕಾರ್ಯವು ಚಂದ್ರಾರ್ಕವಾಗಿ ನಡೆಯಲೆಂದು ವಿಧಿಸಿದ್ದಾರೆ. ಇಂದು ವಿದ್ಯಾಸಂಸ್ಥೆಗಳಲ್ಲಿ ದಾನಿಗಳು ಸ್ಥಾಪಿಸುವ ದತ್ತಿನಿಧಿಗಳಿಗೂ ಆ ಪದ್ಧತಿಗೂ ಭೇದವಿಲ್ಲ. ನಾಣ್ಯದ ಮೇಲಿನ ಸೂರ್ಯಚಂದ್ರರೂ ಶಾಸನದ ‘ಚಂದ್ರಾರ್ಕ’ವೂ ಒಂದೇ ಆಶಯವನ್ನು ಸೂಚಿಸುತ್ತವೆ. ರಾಜ್ಯ ಉಳಿಯದಿದ್ದರೂ ಧರ್ಮ ಉಳಿಯಲೆಂಬುದೇ ಆ ಆಶಯ.

ವಿಷ್ಣುವರ್ಧನನ ತರುವಾಯ ಅದೇ ಶತಮಾನದಲ್ಲಿ ಕಲ್ಯಾಣದಲ್ಲಿ ನಡೆದ ಶರಣರ ಆಂದೋಲನವು ಎಲ್ಲರಿಗೂ ತಿಳಿದಿರುವುದು. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿ ಹೊನ್ನಿನ ಲೆಕ್ಕವನ್ನು ಕೈಯಲ್ಲಿ ಹಿಡಿದಿದ್ದವರು. ಸುಂಕ ವಸೂಲಿಯ ಕಾಯಕದ ಸುಂಕದ ಬಂಕಣ್ಣನೂ ವಚನಕಾರರಲ್ಲಿ ಒಬ್ಬನು. ಹೊನ್ನು, ಹಾಗ, ಸುಂಕ ಮೊದಲಾದ ಪೇಟೆಯ ಮಾತುಗಳು ಅನುಭಾವದ ಮಾತುಗಳಾದುದು ಆ ಕಾಲದಲ್ಲಿ. ಅರಸರು ಕನ್ನಡವನ್ನು ಹೊನ್ನಿನ ಮೇಲೆ ಬರೆಯಿಸಿದ ಶತಮಾನದಲ್ಲಿಯೇ ಶರಣರು ಅದೇ ಕನ್ನಡವನ್ನು ಶಿವಾನುಭವದ ನುಡಿಯಾಗಿ ಮಾಡಿದರು. ಹೊನ್ನನ್ನು ಕೂಡಿಡುವುದಕ್ಕಲ್ಲ, ದಾಸೋಹಕ್ಕೆ ಸಲ್ಲಿಸುವುದಕ್ಕೆಂದು ಅವರು ಬಾಳಿ ತೋರಿಸಿದರು. ಒಂದೇ ನುಡಿಯ ಈ ಎರಡು ಬಗೆಯ ಬೆಳಸನ್ನು ಒಟ್ಟಿಗೆ ನೋಡಿದಾಗಲೇ ಆ ಯುಗದ ಪೂರ್ಣಚಿತ್ರ ದೊರೆಯುತ್ತದೆ.

ಶಾಸನಗಳಲ್ಲಿ ಇಷ್ಟು ಹೇರಳವಾಗಿ ಕೇಳಿಬರುವ ಗದ್ಯಾಣ ಇಂದು ಕೈಗೆ ಸಿಗುವುದು ಇಷ್ಟು ವಿರಳವೇಕೆ? ಕಾರಣಗಳು ಹಲವು. ಬಿರುದುಗಳುಳ್ಳ ಇಂತಹ ನಾಣ್ಯಗಳು ವಿಶೇಷ ಜಯದ ನೆನಪಿಗೆಂದು ಹೊರಟವು. ದಿನಬಳಕೆಗೆ ಹಣ, ಹಾಗಗಳೂ ಧಾನ್ಯದ ವಿನಿಮಯವೂ ಸಾಕಾಗಿದ್ದುವು. ಒಬ್ಬ ಅರಸನ ಹೊನ್ನನ್ನು ಮುಂದಿನ ಅರಸನ ಕಮ್ಮಟವು ಕರಗಿಸಿ ತನ್ನ ಮುದ್ರೆಯನ್ನು ಒತ್ತುವುದು ಎಲ್ಲ ನಾಡುಗಳಲ್ಲಿಯೂ ಇದ್ದ ರೂಢಿ. 1311ರಲ್ಲಿ ಮಲಿಕ್ ಕಾಫರನ ಸೈನ್ಯವು ದೋರಸಮುದ್ರದ ಮೇಲೆ ಬಿದ್ದಾಗ ಹೊಯ್ಸಳರ ಭಂಡಾರದ ಹೊನ್ನು ಉತ್ತರಕ್ಕೆ ಸಾಗಿತು. ಇವುಗಳೆಲ್ಲವನ್ನೂ ಮೀರಿದ ಕಾರಣ ಇನ್ನೊಂದುಂಟು. ಉಳುವಾಗಲೋ ಮನೆಯ ಅಡಿಪಾಯ ಅಗೆಯುವಾಗಲೋ ದೊರೆತ ಹಳೆಯ ಹೊನ್ನನ್ನು ಯಾರ ಕಣ್ಣಿಗೂ ಬೀಳದಂತೆ ಕುಲುಮೆಗೆ ಹಾಕಿಸುವುದು ಜನರಲ್ಲಿ ಹಿಂದಿನಿಂದ ಬಂದ ಅಭ್ಯಾಸ. ಅರಸರ ಕಾಲದಲ್ಲಿ ಅಳಿದುಳಿದುದು ಈ ಭಯದಿಂದಲೂ ಆಸೆಯಿಂದಲೂ ಅಳಿಯಿತು.

ಹೀಗೆ ಅಳಿಯಬಹುದಾಗಿದ್ದ ನಾಣ್ಯಗಳನ್ನು ಕೂಡಿಸಿ, ಓದಿ, ವಿದ್ವತ್ ಪ್ರಪಂಚಕ್ಕೆ ಪರಿಚಯ ಮಾಡಿಸಿದವರಲ್ಲಿ ವಾಲ್ಟರ್ ಎಲಿಯಟ್ ಅಗ್ರಗಣ್ಯನು. ಈತನ ಜೀವನದಲ್ಲಿ ಕನ್ನಡಿಗರು ಮರೆಯಲಾಗದ ಒಂದು ಪ್ರಸಂಗವಿದೆ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕಾಳಗದಲ್ಲಿ ಥ್ಯಾಕರೆ ಹತನಾದಾಗ, ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಯುವಕ ಅಧಿಕಾರಿಗಳಲ್ಲಿ ಎಲಿಯಟ್ ಒಬ್ಬನು. ಡಿಸೆಂಬರಿನಲ್ಲಿ ಜೀವಸಹಿತ ಬಿಡುಗಡೆ ಹೊಂದಿದ ಅವನು ಮುಂದೆ ಧಾರವಾಡ ಸೀಮೆಯಲ್ಲಿಯೇ ವರ್ಷಗಟ್ಟಲೆ ಇದ್ದು, 595 ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದನು. ಜೊತೆಗೆ ನಾಣ್ಯಗಳನ್ನೂ ಕೂಡಿಸಿದನು. ಕೊನೆಗಾಲದಲ್ಲಿ ಕಣ್ಣಿನ ಶಕ್ತಿ ಬಹುಮಟ್ಟಿಗೆ ಕುಂದಿದ್ದರೂ ದಕ್ಷಿಣ ಭಾರತದ ನಾಣ್ಯಗಳನ್ನು ಕುರಿತ ಗ್ರಂಥವನ್ನು ಪೂರ್ತಿಗೊಳಿಸಿದನು. ಅದು 1886ರಲ್ಲಿ ಹೊರಬಂದಿತು. ಮರುವರ್ಷ ಅವನು ತೀರಿಕೊಂಡನು. ಹೊಯ್ಸಳರ ಈ ಹೊನ್ನುಗಳ ವಿವರವು ಆ ಗ್ರಂಥದಲ್ಲಿದೆ. ತರುವಾಯದ ಕನ್ನಡ ವಿದ್ವಾಂಸರಲ್ಲಿ ಎ. ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳನ್ನು ಕುರಿತು ಮಾಡಿದ ಅಧ್ಯಯನ ಗಮನಾರ್ಹವಾದುದು. ಶಾಸನವನ್ನು ಬಲ್ಲವನೇ ನಾಣ್ಯವನ್ನೂ ಬಲ್ಲವನೆಂಬುದು ಇವರೆಲ್ಲರ ಕಾರ್ಯದಿಂದ ಸಿದ್ಧವಾಗುತ್ತದೆ.

ಇಲ್ಲಿಯೇ ವಿದ್ಯಾಶಾಲೆಯ ಹೊಣೆ ಬರುತ್ತದೆ. ನೆಲದಲ್ಲಿ ದೊರೆತ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾಯಿದೆ ಭಾರತದಲ್ಲಿ 1878ರಿಂದಲೇ ಉಂಟು. ಆದರೂ ಕಾಯಿದೆಯ ಕಣ್ಣು ಎಲ್ಲ ಹೊಲಗಳಿಗೂ ಎಲ್ಲ ಕುಲುಮೆಗಳಿಗೂ ತಲಪಲಾರದು. ಅಲ್ಲಿಗೆ ತಲಪಬಲ್ಲವರು ಹಳ್ಳಿಯಿಂದ ಬಂದು ಶಾಲೆಯಲ್ಲಿ ಕಲಿತು ಹಳ್ಳಿಗೆ ಮರಳುವ ಮಕ್ಕಳು ಮಾತ್ರ. ಹಳಗನ್ನಡವು ಪರೀಕ್ಷೆಗಾಗಿ ಕಂಠಪಾಠ ಮಾಡುವ ಭಾರವೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಉಂಟು. ಆದರೆ ‘ಕೊಂಡ’ ಎಂಬ ಪದದ ಹಳೆಯ ಅರ್ಥವನ್ನೂ ‘ಒಳ್’ ಎಂಬ ಪ್ರತ್ಯಯವನ್ನೂ ಹನ್ನೆರಡನೆಯ ಶತಮಾನದ ಅಕ್ಷರಗಳ ತಿರುವನ್ನೂ ಬಲ್ಲ ಬಾಲಕನೊಬ್ಬನು, ತನ್ನ ತಂದೆಯ ನೇಗಿಲಿಗೆ ಸಿಕ್ಕಿದ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ‘ಶ್ರೀ ತಲಕಾಡುಗೊಂಡ’ ಎಂದು ಓದಿಬಿಟ್ಟರೆ, ಆ ಬಿಲ್ಲೆ ಕುಲುಮೆಗೆ ಹೋಗಲಾರದು. ಅದನ್ನು ಜಿಲ್ಲಾಧಿಕಾರಿಗಳಿಗೆ ಒಪ್ಪಿಸುವಂತೆ ತಂದೆಯ ಮನವೊಲಿಸುವವನೂ ಆ ಬಾಲಕನೇ. ಒಂದು ಊರಿನ ಶಾಸನದ ಬಳಿಗೆ ಮಕ್ಕಳನ್ನು ವರ್ಷಕ್ಕೊಮ್ಮೆ ಕರೆದೊಯ್ದು ಓದಿಸುವ ಅಧ್ಯಾಪಕರ ಶ್ರಮವೂ, ಅದಕ್ಕೆ ಬೇಕಾದ ಗ್ರಂಥಗಳನ್ನು ಒದಗಿಸುವ ದಾನಿಗಳ ಔದಾರ್ಯವೂ ಹೀಗೆ ಕಾಣದ ಕಡೆಯಲ್ಲಿ ಫಲಿಸುತ್ತವೆ.

ತಲಕಾಡಿನ ಹಳೆಯ ಪಟ್ಟಣವು ಇಂದು ಬಹುಪಾಲು ಮರಳಿನ ಕೆಳಗಿದೆ. ಅದನ್ನು ಗೆದ್ದ ವಂಶವೂ ಇಲ್ಲ, ಸೋತ ವಂಶವೂ ಇಲ್ಲ. ನಾಲ್ಕು ಗ್ರಾಂ ಹೊನ್ನಿನ ಬೆಲೆಯನ್ನು ಪೇಟೆಯಲ್ಲಿ ಯಾರು ಬೇಕಾದರೂ ಹೇಳಿಯಾರು. ಅದರ ಮೇಲಿನ ಮೂರು ಸಾಲು ಕನ್ನಡದ ಬೆಲೆಯನ್ನು ಹೇಳಬಲ್ಲವರು ಓದಬಲ್ಲವರು ಮಾತ್ರ. ಅಂತಹವರನ್ನು ತಲೆಮಾರಿನಿಂದ ತಲೆಮಾರಿಗೆ ಸಿದ್ಧಪಡಿಸುವುದೇ ಅಕ್ಷರದಾಸೋಹ.